ಕಲಿಯುವ ಡಾಕ್ಟರಿಗೂ ತಪ್ಪಾಗುತ್ತದೆ, ಆಮೇಲೆ?

ನಮ್ಮ ಶಾಲೆಯ ಮಕ್ಕಳಲ್ಲಿ ‘ದೊಡ್ಡವರಾದ ಮೇಲೆ ಏನಾಗುತ್ತೀರಿ?’ ಎಂದು ಕೇಳಿದರೆ ಹತ್ತರಲ್ಲಿ ನಾಲ್ಕು ಮಂದಿಯಾದರೂ ‘ಡಾಕ್ಟ್ರು’ ಎನ್ನುತ್ತಾರೆ. ಪೊಲೀಸು, ಟೀಚರು, ಗಲ್ಫಿಗೆ ಹೋಗುವವರು ಎಲ್ಲ ಆಮೇಲೆ. ಮಕ್ಕಳ ಕಣ್ಣಿಗೆ ಡಾಕ್ಟರೆಂದರೆ ಬಿಳಿ ಕೋಟು, ಕುತ್ತಿಗೆಯಲ್ಲಿ ಸ್ಟೆತಸ್ಕೋಪು, ಎಲ್ಲವೂ ಗೊತ್ತಿರುವ ಒಂದು ಮುಖ. ಮಕ್ಕಳ ಕಣ್ಣಿಗೇನು, ನಮ್ಮ ನಿಮ್ಮ ಕಣ್ಣಿಗೂ ಹಾಗೆಯೇ ಅಲ್ಲವೇ? ಆದರೆ ಯಾವ ಡಾಕ್ಟರೂ ಎಲ್ಲ ಗೊತ್ತಿದ್ದು ಹುಟ್ಟಿದವರಲ್ಲ. ನಾಲ್ಕೂವರೆ ವರ್ಷ ಎಂ.ಬಿ.ಬಿ.ಎಸ್. ಪಾಠ, ಆಮೇಲೆ ಒಂದು ವರ್ಷ ಹೌಸ್ ಸರ್ಜನ್ ಆಗಿ ವಾರ್ಡಿನಿಂದ ವಾರ್ಡಿಗೆ ಓಡಾಟ, ಮತ್ತೆ ಪಿ.ಜಿ. ಎಂದು ಮೂರು ವರ್ಷ. ಇಷ್ಟೂ ಕಾಲ ಅವರು ವಿದ್ಯಾರ್ಥಿಗಳೇ. ನಮ್ಮ ಮಕ್ಕಳು ಕಲಿಯುವಾಗ ತಪ್ಪಿದರೆ ಕೆಡುವುದು ನೋಟ್ ಪುಸ್ತಕದ ಒಂದು ಪುಟ. ಅವರು ಕಲಿಯುವುದು ಮನುಷ್ಯರ ಮೈ ಮೇಲೆ. ಅಲ್ಲಿ ತಪ್ಪಿದರೆ?

ಈ ಪ್ರಶ್ನೆ ನಮಗೆ, ಅಂದರೆ ಕಾಸರಗೋಡಿನ ಕಡೆಯವರಿಗೆ, ದೂರದ್ದಲ್ಲ. ಜ್ವರ ಜೋರಾದರೆ, ಹೆರಿಗೆ ಕಷ್ಟವಾದರೆ, ಹಿರಿಯರು ಬಿದ್ದು ಸೊಂಟ ಮುರಿದುಕೊಂಡರೆ ನಾವು ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ರೂಢಿ. ಅಲ್ಲಿ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳೇ ಹಲವಾರು. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿಯೂ 2013ರಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾಯಿತು. ಕಾಲೇಜು ಆಸ್ಪತ್ರೆ ಎಂದ ಮೇಲೆ ಮೊದಲು ನಮ್ಮ ನಾಡಿ ಹಿಡಿಯುವವರು, ರಕ್ತ ತೆಗೆಯುವವರು, ರಾತ್ರಿ ಎರಡು ಗಂಟೆಗೆ ಕರೆದರೆ ಓಡಿ ಬರುವವರು ಈ ಕಲಿಯುವ ಮಕ್ಕಳೇ. ಅವರಿಗೆ ತಪ್ಪಾದಾಗ ಏನಾಗುತ್ತದೆ ಎಂಬುದರಲ್ಲಿ ನಮ್ಮ ಜೀವದ ಪ್ರಶ್ನೆಯೂ ಇದೆ.

ನಾವು ಈ ವಿಷಯದ ಹಿಂದೆ ಬಿದ್ದದ್ದು ಒಂದು ಫೋನಿನಿಂದ. ನಮ್ಮಲ್ಲಿ ಏಳನೇ ತರಗತಿವರೆಗೆ ಕಲಿತು, ಹತ್ತರ ತನಕ ಕನ್ನಡ ಮಾಧ್ಯಮದಲ್ಲೇ ಓದಿ, ಪ್ಲಸ್ ಟುವಿಗೆ ಇಂಗ್ಲಿಷಿಗೆ ಹೋದ ಹುಡುಗಿ. ಅಪ್ಪ ಅಡಿಕೆ ತೋಟದ ಕೆಲಸಕ್ಕೆ ಹೋಗುವವರು, ಅಮ್ಮ ಬೀಡಿ ಕಟ್ಟುವವರು. ಆಕೆಗೆ ಮೆಡಿಕಲ್ ಸೀಟು ಸಿಕ್ಕಿದ ದಿನ ಶಾಲೆಯಲ್ಲಿ ಪಾಯಸ ಮಾಡಿದ್ದೆವು. ಅವಳು ಹೌಸ್ ಸರ್ಜನ್ ಆಗಿದ್ದಾಗ ಒಂದು ರಾತ್ರಿ ಫೋನ್ ಮಾಡಿ ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಹೇಳಿದಳು. ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರು. ಇಬ್ಬರದ್ದೂ ರಕ್ತ ತೆಗೆದು, ಟ್ಯೂಬುಗಳನ್ನು ಟ್ರೇಯಲ್ಲಿಟ್ಟು, ನರ್ಸುಗಳ ಮೇಜಿಗೆ ಬಂದು ಹೆಸರು ಅಂಟಿಸಿದ್ದಾಳೆ. ಅದಲು ಬದಲಾಗಿದೆ. ಒಬ್ಬರಿಗೆ ರಕ್ತ ಕೊಡಬೇಕಿತ್ತು. ಬ್ಲಡ್ ಬ್ಯಾಂಕಿನವರು ಹಳೇ ದಾಖಲೆ ನೋಡಿದಾಗ ಗುಂಪು ಬೇರೆ ಬಂದದ್ದು ಕಂಡು ಕೂಡಲೇ ವಾರ್ಡಿಗೆ ಫೋನ್ ಮಾಡಿದರು. ರಕ್ತ ಏರಿಸುವ ಮೊದಲೇ ಗೊತ್ತಾಯಿತು, ಯಾರಿಗೂ ಏನೂ ಆಗಲಿಲ್ಲ. ಗೊತ್ತಾಗದಿದ್ದರೆ.... ಹೊಂದದ ಗುಂಪಿನ ರಕ್ತ ಮೈಗೆ ಹೋದರೆ ಪ್ರಾಣಕ್ಕೇ ಅಪಾಯ.

ಮರುದಿನ ರೌಂಡ್ಸಿನಲ್ಲಿ ದೊಡ್ಡ ಡಾಕ್ಟರು ಎಲ್ಲರ ಎದುರು, ರೋಗಿಗಳ ಎದುರೂ, ಬೈದರಂತೆ. ಬೈಗಳನ್ನು ಅವಳು ಸಹಿಸಿಕೊಂಡಳು. ಕೊನೆಗೆ ಅವರು ‘ನೀನು ಯಾವ ಮೀಡಿಯಂ?’ ಎಂದು ಕೇಳಿದರಂತೆ. ಇವಳು ‘ಕನ್ನಡ’ ಎಂದಳು. ಸುತ್ತ ನಿಂತವರು ನಕ್ಕರು.

‘ಟೀಚರ್, ತಪ್ಪು ನನ್ನದೇ. ಇಲ್ಲ ಅನ್ನುವುದಿಲ್ಲ. ಆದ್ರೆ ಅದಕ್ಕೂ ಕನ್ನಡಕ್ಕೂ ಎಂಥ ಸಂಬಂಧ?’

ನಮ್ಮಲ್ಲಿ ಉತ್ತರ ಇರಲಿಲ್ಲ. ‘ಊಟ ಮಾಡಿದಿಯಾ ಮಗಾ?’ ಎಂದು ಕೇಳಿದೆವು. ಮಾಡಿರಲಿಲ್ಲ. ಆ ಮೇಲಿನ ವಾರಗಳಲ್ಲಿ ಅವಳ ಫೋನು ಬಂದಾಗಲೆಲ್ಲ ಒಂದೇ ಮಾತು: ನಿದ್ದೆ ಬರುವುದಿಲ್ಲ, ಸಿರಿಂಜು ಹಿಡಿದರೆ ಕೈ ನಡುಗುತ್ತದೆ, ಸಂಶಯ ಬಂದರೂ ಯಾರಲ್ಲೂ ಕೇಳುವ ಧೈರ್ಯವಿಲ್ಲ, ಕೇಳಿದರೆ ಮತ್ತೆ ನಕ್ಕಾರು, ಊರಿಗೆ ಬಂದುಬಿಡುತ್ತೇನೆ. ನೋಡಿ, ಇದರಲ್ಲಿ ಅತ್ಯಂತ ಅಪಾಯದ ಮಾತು ಯಾವುದು? ಊರಿಗೆ ಬರುತ್ತೇನೆ ಎಂದದ್ದಲ್ಲ, ಕೇಳುವ ಧೈರ್ಯವಿಲ್ಲ ಎಂದದ್ದು. ಸಂಶಯ ಇದ್ದೂ ಕೇಳದ ಡಾಕ್ಟರು ಮುಂದಿನ ತಪ್ಪಿನ ಬಾಗಿಲಲ್ಲೇ ನಿಂತಿರುತ್ತಾರೆ.

ಆಮೇಲೆ ನಾವು ಈ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆವು. ಇಂಗ್ಲಿಷು ನಮಗೆ ನಿಧಾನ, ಆದರೂ ಓದಿದೆವು. ಅಮೆರಿಕದಲ್ಲಿ ಆಲ್ಬರ್ಟ್ ವೂ ಎಂಬ ವೈದ್ಯರೂ ಅವರ ಜೊತೆಗಾರರೂ ಮೂರು ದೊಡ್ಡ ಬೋಧನಾ ಆಸ್ಪತ್ರೆಗಳ ತರಬೇತಿ ವೈದ್ಯರಿಗೆ ಪ್ರಶ್ನಾವಳಿ ಕಳಿಸಿದ್ದರು. ನೀವು ಮಾಡಿದ ಅತಿ ದೊಡ್ಡ ತಪ್ಪು ಯಾವುದು, ಆಮೇಲೆ ಏನು ಮಾಡಿದಿರಿ ಎಂಬುದು ಪ್ರಶ್ನೆ. ಕಳಿಸಿದ್ದು 254 ಮಂದಿಗೆ, ಉತ್ತರಿಸಿದ್ದು 114 ಮಂದಿ. 1991ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಫಲ ಪ್ರಕಟವಾಯಿತು. ರೋಗ ಗುರುತಿಸುವುದರಲ್ಲಿ ತಪ್ಪು, ಮದ್ದು ಬರೆಯುವುದರಲ್ಲಿ ತಪ್ಪು, ರೋಗಿಯನ್ನು ಸರಿಯಾಗಿ ಪರೀಕ್ಷಿಸದ ತಪ್ಪು, ಹೀಗೆ ಎಲ್ಲವೂ ಅದರಲ್ಲಿತ್ತು. ಅವರು ಹೇಳಿಕೊಂಡ ತಪ್ಪುಗಳಲ್ಲಿ ನೂರಕ್ಕೆ 31ರಲ್ಲಿ ರೋಗಿ ತೀರಿಕೊಂಡಿದ್ದರು. ಆದರೆ ತಮ್ಮ ಮೇಲಿನ ವೈದ್ಯರಲ್ಲಿ ಆ ತಪ್ಪಿನ ಬಗ್ಗೆ ಮಾತಾಡಿದವರು ನೂರಕ್ಕೆ 54 ಮಾತ್ರ. ರೋಗಿಗೋ ಮನೆಯವರಿಗೋ ಹೇಳಿದವರು 24. 

ಆ ಲೇಖನದಲ್ಲಿ ಇನ್ನೂ ಒಂದು ಸಂಗತಿಯಿದೆ. ತಪ್ಪನ್ನು ತನ್ನದೆಂದು ಒಪ್ಪಿಕೊಂಡು ಇತರರೊಡನೆ ಮಾತಾಡಿದವರು ಆಮೇಲೆ ತಮ್ಮ ಕೆಲಸದ ಕ್ರಮವನ್ನು ಒಳ್ಳೆಯದಕ್ಕೆ ಬದಲಿಸಿಕೊಂಡದ್ದು ಹೆಚ್ಚು. ‘ಕೆಲಸ ಜಾಸ್ತಿ ಇತ್ತು, ಅದಕ್ಕೇ ಹೀಗಾಯಿತು’ ಎಂದವರು ಬದಲಾದದ್ದು ಕಡಿಮೆ. ತಮ್ಮ ಆಸ್ಪತ್ರೆ ಬೆರಳು ತೋರಿಸಿ ದೂರುವ ಜಾಗ ಎಂದು ಅನಿಸಿದವರು ತಪ್ಪನ್ನು ಮುಚ್ಚಿಕೊಳ್ಳುವುದನ್ನೂ ತಮ್ಮ ರಕ್ಷಣೆ ನೋಡಿಕೊಳ್ಳುವುದನ್ನೂ ಹೆಚ್ಚು ಕಲಿತರು. 1993ರಲ್ಲಿ ಅದೇ ಗುಂಪಿನವರು ಇನ್ನೊಂದು ಲೇಖನ ಬರೆದರು. ಅದನ್ನು ಓದಿದಾಗ ನಮ್ಮ ಹುಡುಗಿಯೇ ಕಣ್ಣೆದುರು ಬಂದಳು. ತಪ್ಪಿನ ಹೊಣೆ ಹೊತ್ತವರು ಹೆಚ್ಚು ಕಲಿತರು ನಿಜ, ಆದರೆ ಹೆಚ್ಚು ನೊಂದವರೂ ಅವರೇ.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ಪ್ರಾಮಾಣಿಕನಾದ ಮಗುವಿಗೇ ಪೆಟ್ಟು ಜಾಸ್ತಿ. ಸುಳ್ಳು ಹೇಳಿ ಜಾರಿಕೊಂಡವನಿಗೆ ರಾತ್ರಿ ನಿದ್ದೆ ಬರುತ್ತದೆ, ಒಪ್ಪಿಕೊಂಡವಳಿಗೆ ಬರುವುದಿಲ್ಲ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಾದರೂ ನಿಲ್ಲದಿದ್ದರೆ ಆ ಮಗು ಕಲಿಯುವ ಪಾಠ ಒಂದೇ: ಇನ್ನು ಮುಂದೆ ಒಪ್ಪಿಕೊಳ್ಳಬಾರದು. ತಪ್ಪು ಮಾಡಿದವರನ್ನು ಸುಮ್ಮನೆ ಬಿಡಿ ಎಂದು ನಾವು ಹೇಳುತ್ತಿಲ್ಲ. ಒಪ್ಪಿಕೊಂಡವರನ್ನು ಒಂಟಿಯಾಗಿ ಬಿಡಬೇಡಿ ಎನ್ನುತ್ತಿದ್ದೇವೆ. ಎರಡೂ ಬೇರೆ ಬೇರೆ.

ಕೆಲಸದ ಭಾರದ ಮಾತನ್ನೂ ಸುಮ್ಮನೆ ತಳ್ಳಿಹಾಕುವಂತಿಲ್ಲ. ನಿದ್ದೆಗೆಟ್ಟ ಕಣ್ಣು ಅಕ್ಷರ ತಪ್ಪು ಓದುತ್ತದೆ, ಪರೀಕ್ಷೆಯ ಪೇಪರ್ ತಿದ್ದುವ ನಮಗೆಲ್ಲ ಗೊತ್ತಿರುವುದೇ. ಅಮೆರಿಕದಲ್ಲಿ 2003ರಲ್ಲಿ ತರಬೇತಿ ವೈದ್ಯರಿಗೆ ವಾರಕ್ಕೆ 80 ಗಂಟೆಯ ಮಿತಿ ಹಾಕಿದರು. 80 ಎಂದರೂ ನಮ್ಮ ನಿಮ್ಮ ಲೆಕ್ಕಕ್ಕೆ ಎರಡು ವಾರದ ದುಡಿಮೆ! ಆದುದರಿಂದ ನಮಗೆ ಅನಿಸುವುದು ಹೀಗೆ: ‘ನಾನು ಸರಿಯಾಗಿ ನೋಡಲಿಲ್ಲ’ ಎಂಬ ಮಾತು ಕಲಿಯುವವರ ಬಾಯಿಂದ ಬರಬೇಕು. ‘ನಾವು ಅವಳ ಮೇಲೆ ಹೊರೆ ಹೆಚ್ಚು ಹೇರಿದೆವು’ ಎಂಬ ಮಾತು ಮೇಲಿನವರ ಬಾಯಿಂದ ಬರಬೇಕು. ಒಂದೇ ಬಂದು ಇನ್ನೊಂದು ಬಾರದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ.

ಹೀಗೆ ತಾಳೆಯಾಗದೆ ಹೋದ ಒಂದು ಪ್ರಕರಣ ಇಂಗ್ಲೆಂಡಿನದ್ದು. 2011ರ ಫೆಬ್ರವರಿಯಲ್ಲಿ ಲೆಸ್ಟರ್ ನಗರದ ಆಸ್ಪತ್ರೆಗೆ ಜ್ಯಾಕ್ ಆಡ್‌ಕಾಕ್ ಎಂಬ ಆರು ವರ್ಷದ ಬಾಲಕನನ್ನು ಸೇರಿಸಿದರು. ಅವನಿಗೆ ಡೌನ್ ಸಿಂಡ್ರೋಮ್ ಇತ್ತು, ಹೃದಯದ ತೊಂದರೆಯೂ ಇತ್ತು. ಅಂದು ಅವನನ್ನು ನೋಡಿದವರು ಮಕ್ಕಳ ವಿಭಾಗದಲ್ಲಿ ತರಬೇತಿಯಲ್ಲಿದ್ದ ಡಾ. ಹಡೀಝಾ ಬಾವಾ-ಗಾರ್ಬಾ. ಹೆರಿಗೆ ರಜೆ ಮುಗಿಸಿ ಆಗಷ್ಟೇ ಕೆಲಸಕ್ಕೆ ಮರಳಿದ್ದರು. ಬೇರೆಯವರು ಮಾಡಬೇಕಿದ್ದ ಕೆಲಸವೂ ಅವರ ತಲೆ ಮೇಲೆ ಬಿದ್ದಿತ್ತು, ಮೇಲಿನ ವೈದ್ಯರು ಮಧ್ಯಾಹ್ನ ಕಳೆಯುವ ತನಕ ಆಸ್ಪತ್ರೆಯಲ್ಲಿರಲಿಲ್ಲ, ಕಂಪ್ಯೂಟರ್ ಕೆಟ್ಟು ರಕ್ತದ ವರದಿ ತಡವಾಯಿತು. ಇದೆಲ್ಲದರ ಜೊತೆ ವೈದ್ಯೆಯ ತಪ್ಪುಗಳೂ ಇದ್ದವು. ಮಗುವಿಗೆ ಆದದ್ದು ಸೆಪ್ಸಿಸ್, ಅಂದರೆ ಸೋಂಕಿನಿಂದ ಅಂಗಾಂಗಗಳೇ ಸೋಲತೊಡಗುವ ಸ್ಥಿತಿ. ಅದು ಹೊತ್ತಿಗೆ ಸರಿಯಾಗಿ ಗೊತ್ತಾಗಲಿಲ್ಲ. ಅದೇ ದಿನ ರಾತ್ರಿ ಮಗು ತೀರಿಹೋಯಿತು.

2015ರಲ್ಲಿ ನ್ಯಾಯಾಲಯ ಆ ವೈದ್ಯೆಗೂ ಒಬ್ಬ ನರ್ಸಿಗೂ ಘೋರ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರೆಂದು ಅಮಾನತಿನ ಶಿಕ್ಷೆ ಕೊಟ್ಟಿತು. 2018ರ ಜನವರಿಯಲ್ಲಿ ಹೈಕೋರ್ಟಿನ ತೀರ್ಪಿನಿಂದ ಆಕೆಯ ಹೆಸರನ್ನು ವೈದ್ಯರ ಪಟ್ಟಿಯಿಂದಲೇ ತೆಗೆದರು. ಅದೇ ವರ್ಷ ಆಗಸ್ಟಿನಲ್ಲಿ ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಅಲ್ಲಿ ತರಬೇತಿ ವೈದ್ಯರು ತಮ್ಮ ತಪ್ಪುಗಳ ಬಗ್ಗೆ ತಾವೇ ಬರೆದು ಇಡುವ ಒಂದು ಕ್ರಮವಿದೆ, ನಮ್ಮಲ್ಲಿ ಪಾಠ ಮುಗಿದ ಮೇಲೆ ಟಿಪ್ಪಣಿ ಬರೆಯುವ ಹಾಗೆ. ಈ ಪ್ರಕರಣ ಬಂದಾಗ ‘ನಾವು ಬರೆದದ್ದನ್ನೇ ನಮ್ಮ ವಿರುದ್ಧ ಬಳಸುತ್ತಾರೆ’ ಎಂಬ ಭಯ ಸಾವಿರಾರು ವೈದ್ಯರಲ್ಲಿ ಹರಡಿತು. ಆಕೆಯ ಟಿಪ್ಪಣಿಯನ್ನು ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಬಳಸಿರಲಿಲ್ಲ ಎಂದು ಸ್ಪಷ್ಟಪಡಿಸಿದರೂ ಭಯ ಹೋಗಲಿಲ್ಲ. ಅಂಥ ಟಿಪ್ಪಣಿಗಳನ್ನು ಕೊಡಿ ಎಂದು ವೈದ್ಯಕೀಯ ಮಂಡಳಿ ಒತ್ತಾಯಿಸುವಂತಿರಬಾರದು ಎಂದು 2018ರಲ್ಲೇ ಅಲ್ಲಿನ ಸರಕಾರ ನೇಮಿಸಿದ ಸಮಿತಿ ಶಿಫಾರಸು ಮಾಡಬೇಕಾಯಿತು.

ಆದರೆ ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಆ ಮಗುವಿನ ಅಮ್ಮನ ಜಾಗದಲ್ಲಿ ನಿಂತು ನೋಡಿ. ಬೆಳಿಗ್ಗೆ ಕರೆದುಕೊಂಡು ಹೋದ ಮಗು ರಾತ್ರಿಗೆ ಇಲ್ಲ. ಆ ಅಮ್ಮನಿಗೆ ‘ಕಂಪ್ಯೂಟರ್ ಕೆಟ್ಟಿತ್ತು’ ಎಂದರೆ ಸಮಾಧಾನವಾದೀತೇ? ಆಲ್ಬರ್ಟ್ ವೂ ಅವರೇ 2000ದಲ್ಲಿ ತಪ್ಪು ಮಾಡಿ ನರಳುವ ವೈದ್ಯರನ್ನು ‘ಎರಡನೆಯ ಬಲಿಪಶು’ ಎಂದು ಕರೆದಿದ್ದರು. ಆ ಹೆಸರು ಲೋಕವೆಲ್ಲ ಬಳಕೆಗೆ ಬಂತು. 2019ರಲ್ಲಿ ಅದೇ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ರೋಗಿಗಳ ಪರವಾಗಿ ಬರೆದವರು ‘ಈ ಹೆಸರನ್ನು ಬಿಟ್ಟುಬಿಡಿ’ ಎಂದರು. ನಮಗೆ ಎರಡೂ ಕಡೆಯ ನೋವು ಕಾಣುತ್ತದೆ. ಆದರೆ ಸಾಲಿನಲ್ಲಿ ಮೊದಲು ನಿಲ್ಲಬೇಕಾದವರು ರೋಗಿ ಮತ್ತು ಮನೆಯವರು. ಅವರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಬೇಕು. ಡಾಕ್ಟರ ಮಕ್ಕಳನ್ನು ಸಮಾಧಾನಪಡಿಸುವ ಭರದಲ್ಲಿ ಅದನ್ನು ಮರೆತರೆ ಅದು ಇನ್ನೊಂದು ತಪ್ಪು.

ಹಾಗಾದರೆ ತಪ್ಪನ್ನು ಮಾತಾಡುವ ಜಾಗ ಯಾವುದು? ನಾವು ಟಿ.ಸಿ.ಎಚ್. ಕಲಿಯುವಾಗ ‘ವಿಮರ್ಶಾ ಪಾಠ’ ಎಂದು ಒಂದಿತ್ತು. ಒಬ್ಬರು ಪಾಠ ಮಾಡುವುದು, ಉಳಿದವರೆಲ್ಲ ಹಿಂದಿನ ಬೆಂಚುಗಳಲ್ಲಿ ಕೂತು ನೋಡುವುದು, ಆಮೇಲೆ ಪಾಠದ ಕುಂದುಕೊರತೆಗಳನ್ನು ಮಾತಾಡುವುದು. ಕಪ್ಪುಹಲಗೆಯ ಅಕ್ಷರದಿಂದ ಹಿಡಿದು ಹಿಂದಿನ ಸಾಲಿನ ಮಗುವನ್ನು ಪ್ರಶ್ನೆ ಕೇಳದ್ದರವರೆಗೆ. ಉಪನ್ಯಾಸಕರು ಒಳ್ಳೆಯವರಾದರೆ ಅದು ಪಾಠ, ಅಲ್ಲದಿದ್ದರೆ ಅವಮಾನದ ಸಭೆ. ವೈದ್ಯರಲ್ಲಿಯೂ ಇಂಥದ್ದೇ ಒಂದಿದೆ, ಎಂ. ಅಂಡ್ ಎಂ. ಮೀಟಿಂಗ್ ಎನ್ನುತ್ತಾರೆ. ಸಾವು ಅಥವಾ ತೊಂದರೆ ಆದ ಪ್ರಕರಣಗಳನ್ನು ವಿಭಾಗದ ಎಲ್ಲರೂ ಕೂತು ಚರ್ಚಿಸುವ ಸಭೆ. ಅದೂ ಹಾಗೆಯೇ. ‘ಯಾರು ಮಾಡಿದ್ದು?’ ಎಂದು ಶುರುವಾದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ‘ಹೇಗೆ ಆಯಿತು?’ ಎಂದು ಶುರುವಾದರೆ ಬಾಯಿ ಬಿಡುತ್ತಾರೆ.

ಇದಕ್ಕೆ ದೂರದ ಊರೇ ಬೇಕಿಲ್ಲ. ನಮ್ಮ ಕೇರಳದಲ್ಲಿಯೇ ಒಂದು ಒಳ್ಳೆಯ ಉದಾಹರಣೆ ಇದೆ. 2004ರಿಂದ ಇಲ್ಲಿನ ಪ್ರಸೂತಿ ವೈದ್ಯರ ಒಕ್ಕೂಟವೂ ಸರಕಾರವೂ ಸೇರಿ ಹೆರಿಗೆಗೆ ಸಂಬಂಧಿಸಿ ತೀರಿಹೋದ ತಾಯಂದಿರ ಪ್ರಕರಣಗಳನ್ನು ಗುಪ್ತವಾಗಿ ಪರಿಶೀಲಿಸುತ್ತಾ ಬಂದಿದ್ದಾರೆ. ತಾಯಿಯ ಹೆಸರು, ಆಸ್ಪತ್ರೆಯ ಹೆಸರು, ಡಾಕ್ಟರ ಹೆಸರು ಎಲ್ಲ ತೆಗೆದು, ಏನಾಯಿತು ಎಂಬುದನ್ನಷ್ಟೇ ಅನುಭವಿಗಳು ಓದುತ್ತಾರೆ. ಎಲ್ಲಿ ತಡವಾಯಿತು, ಯಾವ ಲಕ್ಷಣ ಕಣ್ಣು ತಪ್ಪಿತು, ಮುಂದೆ ಏನು ಮಾಡಬೇಕು ಎಂದು ಬರೆದು ಎಲ್ಲ ವೈದ್ಯರಿಗೂ ಹಂಚುತ್ತಾರೆ. ಹೆರಿಗೆಯ ನಂತರದ ರಕ್ತಸ್ರಾವ, ರಕ್ತದ ಒತ್ತಡ, ಇಂಥವುಗಳನ್ನು ಹೇಗೆ ಎದುರಿಸಬೇಕು ಎಂಬ ತರಬೇತಿಗೆ ಈ ವರದಿಗಳೇ ಆಧಾರವಾದವು. ಹೆಸರು ಹೇಳದೆ ಇದ್ದದ್ದರಿಂದಲೇ ನಿಜ ಹೇಳಲು ಸಾಧ್ಯವಾಯಿತು. ಭಾರತದಲ್ಲಿ ಇಂಥ ಕ್ರಮವನ್ನು ಮೊದಲು ಶುರು ಮಾಡಿದ್ದು ನಮ್ಮ ರಾಜ್ಯ ಎನ್ನುವುದು ಹೆಮ್ಮೆಯ ಮಾತೇ.

ಇರಲಿ, ನಮ್ಮ ಹುಡುಗಿಯ ವಿಷಯಕ್ಕೆ ಬರೋಣ. ಅವಳನ್ನು ಉಳಿಸಿದ್ದು ನಾವಲ್ಲ, ಅದೇ ವಿಭಾಗದ ಒಬ್ಬ ಪಿ.ಜಿ. ವಿದ್ಯಾರ್ಥಿನಿ. ಒಂದು ಸಂಜೆ ಇವಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ಚಾ ತರಿಸಿ, ತನ್ನ ಹೌಸ್ ಸರ್ಜನ್ ವರ್ಷದಲ್ಲಿ ತನಗೆ ಆದ ಒಂದು ತಪ್ಪನ್ನು ಹೇಳಿದರಂತೆ. ‘ಹಾಗಿದ್ದೂ ನೀವು ಇಲ್ಲಿದ್ದೀರಿ ಅಕ್ಕಾ!’ ಎಂದು ಇವಳಿಗೆ ಆಶ್ಚರ್ಯ. ಆಮೇಲೆ ಅವರು ಸಮಾಧಾನದ ಮಾತು ನಿಲ್ಲಿಸಿ ಕೆಲಸ ಹೇಳಿಕೊಟ್ಟರು. ಟ್ಯೂಬಿಗೆ ಹೆಸರು ಬರೆಯುವುದು ರೋಗಿಯ ಮಂಚದ ಪಕ್ಕದಲ್ಲಿಯೇ, ಒಬ್ಬರದ್ದು ಮುಗಿಸಿ ಇನ್ನೊಬ್ಬರಿಗೆ. ಹೆಸರಿನ ಜೊತೆ ಆಸ್ಪತ್ರೆಯ ನಂಬರನ್ನೂ ನೋಡುವುದು. ಮತ್ತೆ, ‘ನೀವು ಇಂಥವರಾ?’ ಎಂದು ಕೇಳಬಾರದು, ಅರೆನಿದ್ದೆಯಲ್ಲಿದ್ದವರು ಯಾವ ಹೆಸರು ಹೇಳಿದರೂ ‘ಹ್ಞಾಂ’ ಎಂದುಬಿಡುತ್ತಾರೆ. ‘ನಿಮ್ಮ ಹೆಸರೇನು?’ ಎಂದು ಕೇಳಿ ಅವರ ಬಾಯಿಂದಲೇ ಹೇಳಿಸಬೇಕು.

ಇಲ್ಲಿಯೇ ನೋಡಿ, ನಮ್ಮ ಗಡಿನಾಡಿನ ಮಗುವಿಗೆ ಒಂದು ಬಲ ಇದ್ದದ್ದು. ಆ ವಾರ್ಡಿಗೆ ಬರುವವರಲ್ಲಿ ತುಳುವಿನವರು, ಬ್ಯಾರಿಗಳು, ಮಲಯಾಳದವರು, ಘಟ್ಟದ ಮೇಲಿನ ಕನ್ನಡದವರು ಎಲ್ಲರೂ ಇದ್ದರು. ಇಂಗ್ಲಿಷಿನಲ್ಲಿ ಚುರುಕಾದ ಎಷ್ಟೋ ಮಂದಿ ರೋಗಿಯ ಮುಂದೆ ಕೈಸನ್ನೆ ಮಾಡುವಾಗ ಇವಳು ಅಜ್ಜಿಯ ಹತ್ತಿರ ಕೂತು ‘ಈರೆನ ಪುದರ್ ದಾದ?’ ಎಂದು ತುಳುವಿನಲ್ಲಿ ಕೇಳುತ್ತಾಳೆ, ಪಕ್ಕದ ಮಂಚಕ್ಕೆ ಹೋಗಿ ಮಲಯಾಳದಲ್ಲಿ ‘ಪೇರೆಂದಾ?’ ಎನ್ನುತ್ತಾಳೆ. ರೋಗಿ ಹೆಸರನ್ನಷ್ಟೇ ಅಲ್ಲ, ಯಾವ ಮದ್ದು ಮೈಗೆ ಆಗುವುದಿಲ್ಲ ಎಂಬುದನ್ನೂ ಹೇಳುತ್ತಾರೆ, ನಿನ್ನೆಯಿಂದ ಮೂತ್ರ ಹೋಗಿಲ್ಲ ಎಂಬುದನ್ನೂ ಹೇಳುತ್ತಾರೆ. ಎಷ್ಟು ತಪ್ಪುಗಳು ಅಲ್ಲಿಗೇ ನಿಂತವೋ ಯಾರಿಗೆ ಗೊತ್ತು! ‘ಯಾವ ಮೀಡಿಯಂ?’ ಎಂದು ಕೇಳಿದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಅವಳು ಹೌಸ್ ಸರ್ಜನ್ ವರ್ಷವನ್ನು ಪೂರ್ತಿ ಮಾಡಿದಳು. ಈಗ ಹೊಸದಾಗಿ ಬಂದವರನ್ನು ಚಾ ಕುಡಿಯಲು ಕರೆದುಕೊಂಡು ಹೋಗುವವರಲ್ಲಿ ತಾನೂ ಒಬ್ಬಳು ಎಂದು ಮೊನ್ನೆ ಹೇಳಿದಳು.

ಇನ್ನು ನಮ್ಮ ಶಾಲೆಗಳ ಮಾತು. ಡಾಕ್ಟರಾಗುವ ಮಗು ತಪ್ಪನ್ನು ಹೇಳುವುದನ್ನೋ ಮುಚ್ಚುವುದನ್ನೋ ಕಲಿಯುವುದು ಮೆಡಿಕಲ್ ಕಾಲೇಜಿನಲ್ಲಿ ಅಲ್ಲ, ಅದಕ್ಕಿಂತ ಎಷ್ಟೋ ವರ್ಷ ಮೊದಲು, ಒಂದನೇ ಎರಡನೇ ತರಗತಿಯಲ್ಲಿ. ಲೆಕ್ಕ ತಪ್ಪಿದ ಮಗು ಟೀಚರು ಹತ್ತಿರ ಬರುವ ಮೊದಲು ರಬ್ಬರಿನಿಂದ ಗಸಗಸ ಉಜ್ಜುವುದನ್ನು ನೋಡಿದ್ದೀರಲ್ಲ? ಪುಟ ಹರಿದರೂ ಪರವಾಗಿಲ್ಲ, ತಪ್ಪು ಕಾಣಬಾರದು. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಹಾಗೆ ಮಾಡುವಂತಿಲ್ಲವಂತೆ. ತಪ್ಪಿ ಬರೆದದ್ದನ್ನು ಉಜ್ಜಬಾರದು, ವೈಟ್ನರ್ ಹಚ್ಚಬಾರದು, ಮೇಲೆ ತಿದ್ದಿ ಬರೆಯಬಾರದು. ಒಂದು ಗೆರೆ ಎಳೆದು, ಕೆಳಗಿನದು ಓದಲು ಬರುವ ಹಾಗೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ತಾರೀಕು ಹಾಕಬೇಕು. ನಮ್ಮ ಹಾಜರಿ ಪುಸ್ತಕದ ನಿಯಮವೂ ಅದೇ ಅಲ್ಲವೇ?

ಆದುದರಿಂದ ಕಳೆದ ಜೂನಿನಿಂದ ನಮ್ಮ ಶಾಲೆಯ ಗಣಿತದ ಪುಸ್ತಕಕ್ಕೆ ನಾವೆಲ್ಲ ಸೇರಿ ಒಂದು ಕ್ರಮ ಮಾಡಿದ್ದೇವೆ. ರಬ್ಬರ್ ಇಲ್ಲ. ತಪ್ಪಿದರೆ ಒಂದು ಗೆರೆ, ಕೆಳಗೆ ಸರಿಯಾದ ಲೆಕ್ಕ. ಶುಕ್ರವಾರ ಕೊನೆಯ ಪೀರಿಯಡಿನಲ್ಲಿ ಇಷ್ಟವಿದ್ದವರು ಎದ್ದು ತಾವು ಎಲ್ಲಿ ಜಾರಿದೆವು ಎಂದು ಹೇಳಬಹುದು. ಯಾರೂ ನಗಬಾರದು ಎಂಬುದೊಂದೇ ಕಟ್ಟುನಿಟ್ಟು. ಮೊದಲ ಎರಡು ವಾರ ಒಬ್ಬರೂ ಏಳಲಿಲ್ಲ. ಮೂರನೆಯ ವಾರ ನಾಲ್ಕನೇ ತರಗತಿಯ ಒಬ್ಬ ಹುಡುಗ ಎದ್ದು ‘ಟೀಚರ್, ನಾನು ದಶಕ ಕೊಂಡುಹೋಗಲು ಮರೆತದ್ದು’ ಎಂದ. ಹಿಂದಿನ ಬೆಂಚಿನಿಂದ ‘ನಾನೂ’, ‘ನಾನೂ’ ಎಂದು ಐದಾರು ಕೈ ಮೇಲೆ ಬಂದವು. ಇವರಲ್ಲಿ ಯಾರು ಡಾಕ್ಟರಾಗುತ್ತಾರೋ ಗೊತ್ತಿಲ್ಲ. ನಿಮ್ಮ ಶಾಲೆಗಳಲ್ಲಿ ಏನು ಕ್ರಮವಿದೆ? ತಿಳಿಸಿದರೆ ನಾವೂ ಕಲಿಯುತ್ತೇವೆ.